ಟ್ಯಾಬ್ ನಂಬದ ಬೆರಳು

ನಿನ್ನೆ ಬೆಳಿಗ್ಗೆ ಕಚೇರಿಯಲ್ಲಿ ನಾನು ಕುರ್ಚಿ ಹಿಂದಕ್ಕೆ ಬೀಳುವಷ್ಟು ಜೋರಾಗಿ ಎದ್ದು, "ಕೈಕೊಡ್ತು! ಟ್ಯಾಬ್ ಕೈಕೊಡ್ತು!" ಎಂದು ಕೂಗಿದೆ. ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ನನಗೆ ಕರೆಂಟ್ ಹೊಡೆಯಿತೇನೋ ಎಂದು ಗಾಬರಿಯಾದರು. ಕಂಪ್ಯೂಟರ್ ಮಾತು ಕೇಳಲಿಲ್ಲ ಎಂದು ಕುಣಿಯುವ ಮನುಷ್ಯನನ್ನು ಅವರು ಎಲ್ಲಿ ನೋಡಿರಬೇಕು! ಅವರಿಗೆ ವಿವರಿಸುವ ತಾಳ್ಮೆ ನನಗಿರಲಿಲ್ಲ. ಹರಿಹರದ ಒಂದು ನಂಬರಿಗೆ ಫೋನ್ ಹಚ್ಚಿದೆ. ಆ ಕಡೆ ಫೋನ್ ಎತ್ತಿದವರ ಬಗ್ಗೆ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಹಾಕಿದರೆ ಓದಿ ಫೋನ್ ಮಾಡಿ, "ಎರಡನೇ ಸಾಲಿನಾಗ ಅಲ್ಪವಿರಾಮ ಬಿಟ್ಟೀಯಲ್ಲೋ" ಅನ್ನುತ್ತಾರೆ. ಹಾಕದಿದ್ದರೂ ಅನ್ನುತ್ತಾರೆ, ಆದರೆ ಆಗ "ಅದು ನೀವಲ್ಲ ಬಿಡ್ರಿ" ಎಂದು ಜಾರಿಕೊಳ್ಳುವ ದಾರಿಯಾದರೂ ಇರುತ್ತದೆ. ನಾವೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆವು. ಹರಿಹರದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಟೈಪಿಂಗ್ ಕಲಿಯುವವರು ಕಡಿಮೆಯಾಗುತ್ತಾ ಬಂದು ಕೊನೆಗೆ ಬಾಗಿಲು ಹಾಕುವ ದಿನ ಬಂದಾಗ, ಹದಿನಾಲ್ಕು ಯಂತ್ರಗಳಲ್ಲಿ ಹದಿಮೂರನ್ನು ಮಾರಿ ಒಂದನ್ನು ಮನೆಯಲ್ಲಿಟ್ಟುಕೊಂಡರು. ಐವತ್ತು ದಾಟಿದ ಮೇಲೆ ದಾವಣಗೆರೆಗೆ, ಕೆ.ಬಿ. ಬಡಾವಣೆಯ ನಮ್ಮ ಕಚೇರಿಗೆ ಕೆಲಸ ಕೇಳಿಕೊಂಡು ಬಂದರು.

ಕಚೇರಿ ಅಂದರೆ ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆ. ಸುತ್ತಲಿನ ಊರುಗಳ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವುದು ನಮ್ಮ ಕೆಲಸ. ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಶಾಲೆ ಬಿಟ್ಟ ಕಾರಣ. ಯಜಮಾನರು ಟೀಚರನ್ನು ಪರೀಕ್ಷಿಸಲೆಂದು ಒಂದು ಪುಟ ಕೊಟ್ಟು ಎದುರಿಗೆ ಕೂತರು. ಟೀಚರ್ ಬ್ಯಾಗಿನಿಂದ ಕರವಸ್ತ್ರ ತೆಗೆದು ಕೀಬೋರ್ಡಿನ ಮೇಲೆ ಹೊದಿಸಿ, ಅದರಡಿ ಕೈ ತೂರಿಸಿದರು.

"ಇದ್ಯಾಕ್ರಿ ಮೇಡಂ?" ಯಜಮಾನರು ಕೇಳಿದರು.

"ನಾನು ಕದ್ದು ನೋಡಿದೆ ಅಂತ ನಾಳೆ ನೀವು ಅನ್ನಬಾರದಲ್ರೀ."

ಯಜಮಾನರು ಪುಟ ಮಗುಚುವಷ್ಟರಲ್ಲಿ ಟೀಚರ್ ಅದನ್ನು ಮುಗಿಸಿ, ಮುಂದಿನದಕ್ಕೆ ಕೈ ಚಾಚಿಕೊಂಡು ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ಬಾಯಿ ತೆರೆದುಕೊಂಡು ನೋಡಿದೆ. ಕೆಲಸ ಅವತ್ತೇ ಖಾಯಂ ಆಯಿತು.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ನಾನು ಹರಿಹರದ ಹತ್ತಿರದ ಸಾರಥಿ ಎಂಬ ಊರಿನವನು. ಹೊಲದ ಕೆಲಸಕ್ಕೆ ಸೋಮಾರಿ, ಯಂತ್ರ ಬಿಚ್ಚಿ ನೋಡುವುದಕ್ಕೆ ಮಹಾ ಉತ್ಸಾಹಿ. ಒಳಕೋಣೆಯಲ್ಲಿರುವ ದೊಡ್ಡ ಕಂಪ್ಯೂಟರಿಗೆ, ಅಂದರೆ ಎಲ್ಲರ ಕೆಲಸವನ್ನೂ ಹೊಟ್ಟೆಯಲ್ಲಿಟ್ಟುಕೊಂಡಿರುವ ಆ ಹಳೇ ಪೆಟ್ಟಿಗೆಗೆ, ನಾನೇ ವೈದ್ಯ, ನಾನೇ ಪೂಜಾರಿ. ಆದರೆ ಟೈಪ್ ಮಾಡುವುದು ಎರಡೇ ಬೆರಳಲ್ಲಿ. ಟೀಚರ್ ಅದನ್ನು ಮೊದಲ ಸಲ ನೋಡಿದಾಗ, "ಅಯ್ಯೋ ತಮ್ಮಾ, ಕೋಳಿ ಕಾಳು ಹೆಕ್ಕಿದಂಗೆ ಹೊಡಿತೀಯಲ್ಲೋ!" ಎಂದು ನಿಜವಾಗಿಯೂ ನೊಂದುಕೊಂಡರು.

ಅವರಿಗೆ ಬೆರಳುಗಳೆಂದರೆ ಮನೆಯ ಜನ. "ಕಿರುಬೆರಳು ಸಣ್ಣ ಸೊಸೆ ಇದ್ದಂಗೆ ನೋಡು. ಮೂಲೆ ಮೂಲೆ ಕೆಲಸ ಎಲ್ಲಾ ಅದಕ್ಕೇ ಹೇಳ್ತಾರೆ, ಹೆಸರು ಮಾತ್ರ ತೋರುಬೆರಳಿಗೆ" ಅನ್ನುತ್ತಿದ್ದರು. ಕೀಬೋರ್ಡಿನ ಎಡಗಡೆಯ ತುದಿಯಲ್ಲಿರುವ ಟ್ಯಾಬ್ ಕೀಲಿ ಎಡಗೈ ಕಿರುಬೆರಳಿನ ಪಾಲು. ಈ ಸಣ್ಣ ಸೊಸೆಯ ಮೇಲೆ ಅವರಿಗೆ ವಿಶೇಷ ಪ್ರೀತಿ. ಮಧ್ಯಾಹ್ನ ನಾವೆಲ್ಲ ಮಂಡಕ್ಕಿ ಮಿರ್ಚಿ ತರಿಸಿಕೊಂಡರೆ ಅವರು ಮಂಡಕ್ಕಿಯನ್ನೂ ಚಮಚದಲ್ಲೇ ತಿನ್ನುತ್ತಿದ್ದರು. ಎಣ್ಣೆಗೈಯಲ್ಲಿ ಕೀಲಿ ಮುಟ್ಟಿದರೆ ಬೆರಳು ಜಾರುತ್ತದಂತೆ. ಹರಿಹರದಿಂದ ಬರುವ ಬಸ್ಸಿನಲ್ಲಿ ಕಂಡಕ್ಟರ್ ಕೂಗಿದ್ದು, ಪಕ್ಕದವರು ಜಗಳವಾಡಿದ್ದು, ಎಲ್ಲವನ್ನೂ ತೊಡೆಯ ಮೇಲಿನ ಬ್ಯಾಗಿನ ಮೇಲೆ ಟೈಪ್ ಮಾಡುತ್ತಾ ಬರುತ್ತಿದ್ದರು. "ಬಾಯಿ ಬಿಟ್ಟು ನಗಂಗಿಲ್ಲ, ನಡುವ ಮಾತಾಡಂಗಿಲ್ಲ, ಇನ್ನೇನು ಮಾಡ್ಲಿ?" ಎಂಬುದು ಅವರ ಸಮಜಾಯಿಷಿ.

ಅವರ ಕಿವಿಯ ವಿಷಯ ಹೇಳದಿದ್ದರೆ ಅವರ ಬಗ್ಗೆ ಹೇಳಿದಂತೆಯೇ ಅಲ್ಲ. ಹದಿನಾಲ್ಕು ಯಂತ್ರಗಳ ಸದ್ದಿನ ನಡುವೆ ಯಾರ ಯಾವ ಬೆರಳು ತಪ್ಪಿತೆಂದು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳುತ್ತಿದ್ದರಂತೆ. ನಾನು ಇದನ್ನು ಮೊದಲು ನಂಬಲಿಲ್ಲ. ಆದರೆ ಒಂದು ದಿನ ನಾನು ಒಳಕೋಣೆಯಲ್ಲಿ ಏನೋ ಹೊಡೆಯುತ್ತಿದ್ದಾಗ ಆಚೆಯಿಂದಲೇ, "ಅಳಿಸಿದ್ದು ಮೂರನೇ ಸಲ, ಎದ್ದು ನೀರು ಕುಡಿದು ಬಾ" ಎಂದರು. ನಾನು ಎದ್ದು ನೀರು ಕುಡಿದು ಬಂದೆ.

ಒಮ್ಮೆ ಮಾತ್ರ ಅವರ ಸದ್ದು ನಡುವೆಯೇ ನಿಂತಿತು. ಹೋಗಿ ನೋಡಿದರೆ ಒಂದು ಹಳೆಯ ಪುಟ. ಮೂರನೇ ತರಗತಿಗೆ ಶಾಲೆ ಬಿಟ್ಟ ಹುಡುಗಿ, ಕಾರಣದ ಜಾಗದಲ್ಲಿ 'ಮನೆಗೆಲಸ' ಎಂದಿತ್ತು. "ಈ ಹುಡುಗಿ ಕೈ ಚುರುಕಿತ್ತೇನೋ, ಯಾರಿಗೆ ಗೊತ್ತು" ಎಂದು ಹೇಳಿ ಮತ್ತೆ ಶುರು ಮಾಡಿದರು.

ಇಂಥವರ ಕೆಲಸ ಹೋಗುವ ಹಾಗಾಯಿತು. ಅದಕ್ಕೆ ಕಾರಣ ನಾನು. ಆದರೆ ನನಗೆ ಅದು ಗೊತ್ತಿರಲಿಲ್ಲ.

ಮೊದಲೆಲ್ಲ ಪ್ರತಿಯೊಬ್ಬರಿಗೂ ಅವರವರ ಕಡತ ತೆರೆದುಕೊಡುವುದು ನನ್ನ ಕೆಲಸವಾಗಿತ್ತು. ಮಲೆಬೆನ್ನೂರು ಕಡೆಯ ಶಾಲೆಗಳ ಪುಸ್ತಕಗಳು ರಾಶಿಯಾಗಿ ಬಂದಾಗ ನನಗೆ ಸಾಕಾಗಿ, ಎಲ್ಲರೂ ಕಪ್ಪು ಕಿಟಕಿಯಲ್ಲಿ ತಾವೇ ಆಜ್ಞೆ ಹೊಡೆದು ಕಡತ ತೆರೆದುಕೊಳ್ಳುವ ವ್ಯವಸ್ಥೆ ಮಾಡಿದೆ. ಚಿತ್ರವಿಲ್ಲ, ಗುಂಡಿಯಿಲ್ಲ, ಬರೀ ಅಕ್ಷರಗಳ ಕಿಟಕಿ ಅದು. ಅದರಲ್ಲೊಂದು ಸುಖವಿದೆ. ಊರಿನ ಪೂರ್ತಿ ಹೆಸರು ಹೊಡೆಯಬೇಕಿಲ್ಲ. ಇಂಗ್ಲಿಷಿನಲ್ಲಿ ಎಂ, ಎ, ಎಲ್ ಹೊಡೆದು ಟ್ಯಾಬ್ ಒತ್ತಿದರೆ ಸಾಕು, ಯಂತ್ರವೇ 'ಮಲೆಬೆನ್ನೂರು' ಎಂದು ಮುಗಿಸಿಕೊಡುತ್ತದೆ. ಮುಂದೆ ವರ್ಷ ಹೊಡೆದರೆ ಆ ವರ್ಷದ ಕಡತ ತೆರೆಯುತ್ತದೆ. ಅಂಥ ಹೆಸರಿನದು ಇಲ್ಲದಿದ್ದರೆ ಹೊಸದೊಂದನ್ನು ಹುಟ್ಟಿಸಲಿ ಎಂದೂ ನಾನು ಬರೆದಿಟ್ಟಿದ್ದೆ. ಬಹಳ ಜಾಣತನ ಮಾಡಿದ್ದೇನೆಂದು ಎರಡು ದಿನ ಎದೆಯುಬ್ಬಿಸಿಕೊಂಡು ತಿರುಗಿದೆ.

ಎಲ್ಲರಿಗೂ ಟ್ಯಾಬ್ ಕೆಲಸ ಮಾಡಿತು. ಟೀಚರಿಗೆ ಮಾತ್ರ ಮಾಡಲಿಲ್ಲ. ಅವರು ಹೊಡೆದದ್ದೆಲ್ಲ 'ಮಲ್' ಎಂದೋ 'ಸಾರ್' ಎಂದೋ ಅರ್ಧ ಹೆಸರಿನ ಹೊಸ ಕಡತಗಳಿಗೆ ಹೋಗಿ ಬೀಳುತ್ತಿತ್ತು. ಅವರು ಪರದೆ ನೋಡುವವರೇ ಅಲ್ಲ, ಅವರ ಕಣ್ಣು ಯಾವಾಗಲೂ ಪಕ್ಕದ ಹಳೇ ಪುಟದ ಮೇಲೆ. ಹಾಗಾಗಿ ದಿನವಿಡೀ ದುಡಿದದ್ದು ಸಂಜೆಗೆ ದಿಕ್ಕಿಲ್ಲದ ಕಡತಗಳಲ್ಲಿ ಸಿಗುತ್ತಿತ್ತು. ಮೂರು ಶಾಲೆಗಳ ಮಕ್ಕಳ ಹೆಸರು ಒಂದರಲ್ಲೊಂದು ಬೆರೆತು, ಬಿಡಿಸಲು ನನಗೆ ಎರಡು ದಿನ ಹಿಡಿಯಿತು. ನಾನು ಸಿಟ್ಟಿನಲ್ಲಿ ತಪ್ಪುಗಳ ಪಟ್ಟಿ ಮಾಡಿ ಯಜಮಾನರ ಮೇಜಿನ ಮೇಲಿಟ್ಟೆ. ಪಟ್ಟಿಯ ತುಂಬಾ ಒಬ್ಬರದೇ ಹೆಸರು.

"ವಯಸ್ಸಾತು ಬಿಡು. ಕೈ ನಡುಗ್ತಾವೆ, ಕೀಲಿ ಸರಿ ಒತ್ತಂಗಿಲ್ಲ" ಎಂದರು ಯಜಮಾನರು. "ಈ ತಿಂಗಳಿಗೆ ಸಾಕು ಅಂತ ಹೇಳಿಬಿಡು. ನೀನೇ ಹೇಳು, ನಿನ್ನ ಮೇಲೆ ಅವರಿಗೆ ಅಂತಃಕರಣ ಐತೆ."

ಅಂತಃಕರಣ ಇದ್ದವನ ಬಾಯಲ್ಲೇ ಹೇಳಿಸಬೇಕೆ! ಎರಡು ದಿನ ತಪ್ಪಿಸಿಕೊಂಡು ತಿರುಗಿದೆ. ಮೂರನೇ ದಿನ ಅವರೇ ಹಿಡಿದರು. "ಏನೋ ನುಂಗ್ಕೊಂಡೀದಿ, ಉಗುಳು" ಎಂದರು. ತಲೆ ತಗ್ಗಿಸಿಕೊಂಡು ಉಗುಳಿದೆ. ಟೀಚರ್ ಅಳಲಿಲ್ಲ, ರೇಗಲಿಲ್ಲ. ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡರು.

"ನೋಡು ತಮ್ಮಾ, ನನ್ನ ಇನ್‌ಸ್ಟಿಟ್ಯೂಟಿನಾಗ ತಪ್ಪು ತೋರ್ಸದೆ ನಾನು ಯಾರನ್ನೂ ಫೇಲ್ ಮಾಡಿಲ್ಲ. ನಂಗೂ ತೋರ್ಸು. ಯಾವ ಬೆರಳು?"

ಕೂತೆವು. "ಎಂ, ಎ, ಎಲ್, ಟ್ಯಾಬ್. ನಿಧಾನಕ್ಕೆ ಹೊಡೀರಿ" ಎಂದೆ. ನಿಧಾನವಾಗಿ ಹೊಡೆದರು. ಮಲೆಬೆನ್ನೂರು ಬಂತು. "ಈಗ ನಿಮ್ಮ ಪಾಡಿಗೆ ಹೊಡೀರಿ" ಎಂದೆ. ಬೆರಳು ಓಡಿದವು. ಪರದೆಯ ಮೇಲೆ 'ಮಲ್', ಆಮೇಲೊಂದು ಖಾಲಿ ಜಾಗ, ಅದರಾಚೆ ವರ್ಷ. ಟ್ಯಾಬ್ ಹೆಸರು ಮುಗಿಸುವ ಬದಲು ಬರೀ ಜಾಗ ಬಿಟ್ಟು ಕೂತಿತ್ತು!

"ಕೀಲಿ ಪೂರ್ತಿ ಒತ್ತಿಲ್ಲ ನೀವು" ಎಂದೆ.

"ಒತ್ತದಿದ್ರೆ ಆ ಜಾಗ ಎಲ್ಲಿಂದ ಬಂತೋ? ಸದ್ದು ಕೇಳ್ಲಿಲ್ಲ?" ಟೀಚರ್ ಕಣ್ಣು ಮುಚ್ಚಿಕೊಂಡರು. "ಈಗ ನೀನು ಹೊಡಿ. ಹತ್ತು ಸಲ ಹೊಡಿ."

ಹತ್ತು ಸಲ ಹೊಡೆದೆ. ಹತ್ತು ಸಲವೂ ಹೆಸರು ಬಂತು. ಕಣ್ಣು ತೆರೆದಾಗ ಅವರ ಮುಖ ಬೇರೆಯೇ ಆಗಿತ್ತು. ಟೈಪಿಂಗ್ ಸೀನಿಯರ್ ಪರೀಕ್ಷೆಗೆ ಕೂತ ಹುಡುಗಿಯ ಮುಖ.

"ಗೊತ್ತಾತು! ನೀನು ಟ್ಯಾಬಿಗೆ ಮುಂಚೆ ಕೈ ಎತ್ತತೀ, ಒಂಚೂರು ನಿಲ್ತೀ. ಒತ್ತಿದ ಮೇಲೂ ನಿಲ್ತೀ, ಹೆಸರು ಬಂತಾ ಅಂತ ನೋಡ್ತೀ. ನಾನು ಎಲ್ಲೂ ನಿಲ್ಲಂಗಿಲ್ಲ. ನಂದೂ ನಿಂದೂ ಅಷ್ಟೇ ಫರಕು. ನಿನ್ನ ಯಂತ್ರಕ್ಕೆ ಹೋಗಿ ಕೇಳು, ನಿಲ್ಲದೋರ ಮೇಲೆ ಅದಕ್ಕೇನು ಸಿಟ್ಟು ಅಂತ."

ನಾನು ಒಳಕೋಣೆಗೆ ಓಡಿದೆ. ಓಡಿದ್ದು ಹತ್ತೇ ಹೆಜ್ಜೆ, ಆದರೆ ಓಡಿದೆ. ಯಂತ್ರ ಹೇಗೆ ನಡೆದುಕೊಳ್ಳಬೇಕೆಂದು ಬರೆದಿಡುವ ಒಂದು ಕಡತವಿದೆ. ಅದನ್ನು ತೆರೆದು ಸಾಲು ಸಾಲಾಗಿ ಇಳಿಯುತ್ತಾ ಹೋದೆ. ನಡುವೆಯೇ ಸಿಕ್ಕಿತು. ನಾನೇ ಯಾವುದೋ ಕಾಲದಲ್ಲಿ ಹಾಕಿದ ಒಂದು ಸಾಲು.

ಆಗ ನಾನು ಬೇರೆ ಕಡೆಯಿಂದ ಉದ್ದುದ್ದ ಹೆಸರುಪಟ್ಟಿಗಳನ್ನು ತಂದು ಕಪ್ಪು ಕಿಟಕಿಗೆ ಅಂಟಿಸುತ್ತಿದ್ದೆ. ಪಟ್ಟಿಯ ಕಾಲಂಗಳ ನಡುವೆಯೂ ಟ್ಯಾಬ್ ಇರುತ್ತದೆ. ಯಂತ್ರ ಅವನ್ನೆಲ್ಲ 'ಹೆಸರು ಮುಗಿಸಿಕೊಡು' ಎಂಬ ಆಜ್ಞೆಯೆಂದು ತಿಳಿದು ಗೊಂದಲ ಮಾಡುತ್ತಿತ್ತು. ಅದನ್ನು ತಡೆಯಲು ಹಾಕಿದ ಸಾಲು ಇದು. ಅದರ ಅರ್ಥ ಇಷ್ಟೇ: ಟ್ಯಾಬನ್ನು ಓದುವ ಹೊತ್ತಿಗೆ ಅದರ ಬೆನ್ನಿಗೆ ಇನ್ನೂ ಅಕ್ಷರಗಳು ಸರದಿಯಲ್ಲಿ ಕಾದು ನಿಂತಿದ್ದರೆ, ಹೆಸರು ಮುಗಿಸಬೇಡ, ಬರೀ ಜಾಗ ಬಿಟ್ಟು ಮುಂದೆ ಹೋಗು. ಯಾಕೆಂದರೆ ಮನುಷ್ಯ ಅಷ್ಟು ಬೇಗ ಹೊಡೆಯಲಾರ, ಇದು ಎಲ್ಲಿಂದಲೋ ತಂದು ಅಂಟಿಸಿದ್ದೇ ಇರಬೇಕು.

ಎರಡು ಸಲ ಓದಿದೆ. ಮೈ ಜುಮ್ಮೆಂದಿತು. ನಮ್ಮ ಹಳೇ ಪೆಟ್ಟಿಗೆ ಟ್ಯಾಬ್ ಕಡೆ ತಿರುಗುವಷ್ಟರಲ್ಲಿ ಟೀಚರ್ ಮುಂದಿನ ನಾಲ್ಕು ಅಕ್ಷರ ಹೊಡೆದು ಮುಗಿಸಿರುತ್ತಿದ್ದರು. ಯಂತ್ರ ಅವರನ್ನು ಮನುಷ್ಯರೆಂದೇ ನಂಬಿರಲಿಲ್ಲ!

"ಟೀಚರ್!" ಎಂದು ಕೂಗಿಕೊಂಡೇ ಹೊರಗೆ ಬಂದೆ. "ನಿಮ್ಮ ಕೈ ನಿಧಾನ ಆಗಿಲ್ರೀ! ಜಾಸ್ತಿ ಚುರುಕಾಗಿ ಹಿಂಗಾಗೈತ್ರೀ!"

ಆ ಸಾಲನ್ನು ತೆಗೆದು, ಎಲ್ಲರನ್ನೂ ಕರೆದು ನಿಲ್ಲಿಸಿದೆ. ಯಜಮಾನರನ್ನು ಫೋನಿನ ಮಾತು ಅರ್ಧದಲ್ಲಿ ಬಿಡಿಸಿ ಎಳೆದು ತಂದೆ. ಟೀಚರ್ ಕೀಬೋರ್ಡಿಗೆ ಕರವಸ್ತ್ರ ಹೊದಿಸಿ, ಕಣ್ಣನ್ನು ಹಳೇ ಪುಟದ ಮೇಲಿಟ್ಟು ಶುರು ಮಾಡಿದರು. ಮಲೆಬೆನ್ನೂರು, ಸಾರಥಿ, ಮತ್ತೆ ಮಲೆಬೆನ್ನೂರು, ಊರ ಮೇಲೆ ಊರು, ವರ್ಷದ ಮೇಲೆ ವರ್ಷ, ಒಂದೂ ಅರ್ಧಕ್ಕೆ ನಿಲ್ಲದೆ ಪರದೆಯ ಮೇಲೆ ಓಡಿದವು. ಯಾರೋ ಚಪ್ಪಾಳೆ ಹೊಡೆದರು. ಆಮೇಲೆ ನೋಡಿದರೆ ಅದು ನಾನೇ.

ಯಜಮಾನರು ಗಲ್ಲ ತುರಿಸಿಕೊಂಡು, "ಅಂದ್ರೆ ನಮ್ಮ ಮಿಷೀನೇ ನಿಧಾನ ಅಂತೀಯಾ?" ಎಂದರು. ಹೌದೆಂದೆ. "ಮತ್ತೆ ಆ ಪಟ್ಟಿ?" ಎಂದರು. ಪಟ್ಟಿ ಮಾಡಿದವನು ನಾನು, ತಪ್ಪು ಮಾಡಿದವನೂ ನಾನೇ ಎಂದು ಎಲ್ಲರೆದುರು ಹೇಳಿದೆ. ಅವರು ಪಟ್ಟಿಯನ್ನು ಹರಿದು ಟೀಚರ ಕಡೆ ತಿರುಗಿ, "ಕ್ಷಮಿಸ್ರಿ ಮೇಡಂ" ಎಂದರು. ಒಳ್ಳೆಯ ಮನುಷ್ಯ. ಆದರೆ ಅವತ್ತು ಸಂಜೆ ಟೀಚರ್ ಕೇಳಿದ್ದು ನನಗೆ ಇನ್ನೂ ಸೋಜಿಗ.

"ಆ ಸಾಲು ವಾಪಸ್ ಹಾಕು. ನನ್ನ ಲಾಗಿನ್‌ಗೆ ಮಾತ್ರ ಹಾಕು."

"ಯಾಕ್ರಿ? ಮತ್ತೆ ಅರ್ಧ ಹೆಸರು ಬೀಳ್ತಾವಲ್ರೀ!"

"ನಂಗೆ ಟ್ಯಾಬ್ ಬ್ಯಾಡ. ನೀವು ಅರ್ಧ ಹೆಸರು ಹೊಡೆದು ಟ್ಯಾಬ್ ಹುಡುಕೋದ್ರಾಗ ನಾನು ಪೂರ್ತಿ ಹೆಸರೇ ಹೊಡಿತೀನಿ. ಆದ್ರೆ ದಿನಾ ಬೆಳಿಗ್ಗೆ ಒಂದ್ಸಲ ನೋಡ್ತೀನಿ. ಅದು ಎಲ್ಲಿತಂಕ ನನ್ನ ನಂಬಂಗಿಲ್ಲೋ ಅಲ್ಲಿತಂಕ ನನ್ನ ಕೈ ಐತೆ ಅಂತ ಅರ್ಥ. ನಾಳೆ ನನ್ನ ಕೈ ಹೆಂಗೈತೆ ಅಂತ ಯಾರೂ ಪಟ್ಟಿ ಮಾಡಿ ಹೇಳಬಾರದು, ನಂಗೇ ಗೊತ್ತಾಗಬೇಕು."

ಹಾಕಿಕೊಟ್ಟೆ. ಅವತ್ತಿನಿಂದ ಕಚೇರಿಗೆ ಒಂದು ಹೊಸ ಪದ್ಧತಿ ಬಂತು. ಬಸ್ಸಿಳಿದು ಬಂದ ಟೀಚರ್ ಬ್ಯಾಗಿಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಕೂರುತ್ತಿದ್ದರು. ಎಂ, ಎ, ಎಲ್, ಟ್ಯಾಬ್, ವರ್ಷ, ಒಂದೇ ಉಸಿರಿಗೆ. ಪರದೆಯ ಮೇಲೆ ಖಾಲಿ ಜಾಗ ಕಂಡರೆ, "ಇನ್ನೂ ನಂಬಿಲ್ಲ ನೋಡ್ರಪ್ಪಾ!" ಎಂದು ಘೋಷಿಸಿ ಆ ಸಾಲನ್ನು ಅಳಿಸುತ್ತಿದ್ದರು. ನಾವೆಲ್ಲ ಹೋ ಎನ್ನುತ್ತಿದ್ದೆವು. ಆಮೇಲೆಯೇ ಎಲ್ಲರ ಕೆಲಸ ಶುರು. ಕೆಳಗಿನ ಬಟ್ಟೆ ಅಂಗಡಿಯವರು ಮೇಲೆ ಏನೋ ಭಜನೆ ನಡೆಯುತ್ತದೆಂದು ತಿಳಿದಿದ್ದರು.

ಹೀಗೆ ನಾಲ್ಕು ವರ್ಷ ನಡೆಯಿತು. ಆ ನಾಲ್ಕು ವರ್ಷದಲ್ಲಿ ನಾನೂ ಹತ್ತು ಬೆರಳಲ್ಲಿ ಹೊಡೆಯಲು ಕಲಿತೆ. ಬಿಟ್ಟರಲ್ಲವೇ ಅವರು! ಮಧ್ಯಾಹ್ನದ ಊಟವಾದ ಮೇಲೆ ಅರ್ಧ ಗಂಟೆ ಕರವಸ್ತ್ರದಡಿಯ ಪಾಠ. "ಬೆರಳಿಗೆ ದಾರಿ ಗೊತ್ತೈತೆ, ನೀನು ನಡುವ ಬಂದು ದಾರಿ ಹೇಳಬ್ಯಾಡ" ಎಂದು ಗದರುತ್ತಿದ್ದರು.

ಕಳೆದ ವರ್ಷ ಒಂದು ಬೆಳಿಗ್ಗೆ ಎಂದಿನಂತೆ ಕೂತರು. ಒಂದೇ ಉಸಿರಿಗೆ ಹೊಡೆದರು. ಪರದೆಯ ಮೇಲೆ ಪೂರ್ತಿ ಹೆಸರು ಬಂತು. ಮಲೆಬೆನ್ನೂರು. ನಾವು ಹೋ ಎನ್ನಲು ಬಾಯಿ ತೆರೆದವರು ಹಾಗೇ ನಿಂತೆವು. ಅವರು ಅಳಿಸಿ ಮತ್ತೆ ಹೊಡೆದರು. ಖಾಲಿ ಜಾಗ ಬಂತು. ಮತ್ತೆ ಹೊಡೆದರು. ಹೆಸರು ಬಂತು.

"ಪೆಟ್ಟಿಗೆ ಒಳಗೆ ಧೂಳು ತೆಗ್ದೇನ್ರೀ ನಿನ್ನೆ, ಅದಕ್ಕೆ ಬೇಗ ಓಡ್ತೈತೆ" ಎಂದೆ ನಾನು. ಹಸಿ ಸುಳ್ಳು.

ಟೀಚರ್ ನನ್ನ ಮುಖ ನೋಡಿ ನಕ್ಕರು. ನಿಜವಾದ ನಗು, ದೊಡ್ಡ ನಗು. "ಸುಳ್ಳು ಹೇಳಾಕೂ ಸ್ಪೀಡ್ ಬೇಕೋ ತಮ್ಮಾ, ಅಷ್ಟೊತ್ತು ನಿಲ್ಲಬಾರದು" ಎಂದರು. ಆಮೇಲೆ ಪರದೆಯ ಕಡೆ ತಿರುಗಿ, "ಬಿಡು, ಇವತ್ತು ನಂಬ್ತು. ಇಷ್ಟು ವರ್ಷದ ಮೇಲೆ ನಾನೂ ಮನುಷ್ಯಳು ಅಂತ ಅದಕ್ಕೆ ಗೊತ್ತಾತು" ಎಂದರು.

ಕೆಲಸ ಬಿಡಬೇಡಿ ಎಂದು ಯಜಮಾನರು ಬೇಡಿಕೊಂಡರು. ನಿಧಾನವಾದ ಮೇಲೂ ನಮ್ಮೆಲ್ಲರಿಗಿಂತ ಎರಡು ಪಟ್ಟು ಮುಂದಿದ್ದವರು ಅವರು. ಟೀಚರ್ ಕೇಳಲಿಲ್ಲ. ಕೈಗೆ ಹಿಡಿದ ಪುಸ್ತಕದ ಕೊನೆಯ ಮಗುವಿನ ಹೆಸರು ಮುಗಿಸಿ, ಚಮಚ ತೊಳೆದು ಬ್ಯಾಗಿಗೆ ಹಾಕಿಕೊಂಡು, ಕರವಸ್ತ್ರವನ್ನು ನನ್ನ ಕೀಬೋರ್ಡಿನ ಮೇಲೆ ಹೊದಿಸಿ ಹರಿಹರದ ಬಸ್ಸು ಹತ್ತಿದರು. ಆ ಸಾಲನ್ನು ನಾನು ನನ್ನ ಲಾಗಿನ್‌ಗೆ ಹಾಕಿಕೊಂಡೆ. ದಿನಾ ಬೆಳಿಗ್ಗೆ ಒಂದೇ ಉಸಿರಿಗೆ ಹೊಡೆಯುತ್ತಿದ್ದೆ. ದಿನಾ ಹೆಸರು ಪೂರ್ತಿ ಬರುತ್ತಿತ್ತು. ಪೆಟ್ಟಿಗೆ ಅದೇ, ಕೀಬೋರ್ಡ್ ಅದೇ. ನನ್ನನ್ನು ಅದು ಕ್ಷಣಕ್ಕೂ ಅನುಮಾನಿಸಲಿಲ್ಲ.

ನಿನ್ನೆ ಅನುಮಾನಿಸಿತು!

"ಟೀಚರ್, ಖಾಲಿ ಜಾಗ ಬಂತ್ರೀ!" ಎಂದು ಫೋನಿನಲ್ಲಿ ಕೂಗಿದೆ.

"ಕೂಗಬ್ಯಾಡ, ನನ್ನ ಕಿವಿ ಚಲೋ ಅದಾವೆ. ಫೋನು ಕೀಬೋರ್ಡ್ ಪಕ್ಕಕ್ಕಿಟ್ಟು ಹೊಡಿ, ಕೇಳ್ತೀನಿ."

ಇಟ್ಟು ಹೊಡೆದೆ. ಒಂದು ಸಲ, ಎರಡು ಸಲ, ಐದು ಸಲ. ಕೊನೆಗೆ, "ಹ್ಞೂಂ" ಎಂದರು. "ಈಗ ನೀನು ಕೇಳು." ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಶುರುವಾಯಿತು ಟಕಟಕ, ಮನೆಯಲ್ಲಿ ಉಳಿಸಿಕೊಂಡ ಆ ಹದಿನಾಲ್ಕನೇ ಯಂತ್ರ. ಮಳೆ ಬಿದ್ದ ಹಾಗೆ ಹೊಡೆಯುತ್ತಿದ್ದರು. ನಾನು ಕಣ್ಣು ಮುಚ್ಚಿ ಕೇಳಿದೆ. ಹುಡುಗಿಯರು ನನ್ನನ್ನೇ ನೋಡುತ್ತಿದ್ದರು.

ಸದ್ದು ನಿಂತಿತು. "ಹೇಳು, ಯಾವ ಬೆರಳು?"

ಕೇಳಿಸಿತ್ತು ನನಗೆ. ಎಲ್ಲ ಬೆರಳೂ ಓಡುತ್ತಿದ್ದವು, ಒಂದು ಮಾತ್ರ ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು. ಧೂಳಿನ ಸುಳ್ಳನ್ನು ಮತ್ತೊಮ್ಮೆ ಹೇಳಬಹುದಿತ್ತು. ಆದರೆ ತಪ್ಪು ತೋರಿಸದೆ ಯಾರನ್ನೂ ಫೇಲ್ ಮಾಡದವರು ಅವರು, ತಪ್ಪು ಮುಚ್ಚಿಟ್ಟು ಯಾರನ್ನೂ ಪಾಸು ಮಾಡಿದವರೂ ಅಲ್ಲ.

"ಎಡಗೈ ಕಿರುಬೆರಳು, ಟೀಚರ್" ಎಂದೆ. ಎಲ್ಲೂ ನಿಲ್ಲದೆ ಹೇಳಿದೆ.

ಆ ಕಡೆ ಯಂತ್ರದಿಂದ ಕಾಗದ ಎಳೆದ ಸದ್ದಾಯಿತು.

"ಪಾಸ್" ಎಂದರು.